ಗವಿಯೊಳಗಿನ ಜೀವಜಾಲ

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಕಲ್ಲುಗುಡ್ಡದಲ್ಲಿ ಒಂದು ಗವಿಯಿದೆ. ಆ ಗವಿಯಲ್ಲಿ ವಾಸಿಸುವ ಒಂದು ಜಾತಿಯ ಬಾವಲಿಗೆ, ಈವರೆಗೆ ತಿಳಿದಿರುವ ಮಟ್ಟಿಗೆ, ಭೂಮಂಡಲದಲ್ಲಿ ಬೇರೆ ಮನೆಯಿಲ್ಲ. 1994ರಲ್ಲಿ ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್ ಎಂಬ ವಿಜ್ಞಾನಿಗಳು ಇದನ್ನು ಹೊಸ ಜಾತಿಯೆಂದು ಗುರುತಿಸಿ ಲೋಕಕ್ಕೆ ಪರಿಚಯಿಸಿದರು. ಮೂಗಿನ ಮೇಲೆ ಎಲೆಯಂತಹ ಚರ್ಮದ ಮಡಿಕೆಯಿರುವುದರಿಂದ ಅದಕ್ಕೆ ಕೋಲಾರದ ಎಲೆಮೂಗಿನ ಬಾವಲಿ ಎಂಬ ಹೆಸರು ಬಂದಿದೆ. ಹಿಂದೆ ಪಕ್ಕದ ತೇರಹಳ್ಳಿಯ ಬೆಟ್ಟದಲ್ಲಿಯೂ ಈ ಬಾವಲಿ ಇತ್ತು. ಮುಂದಿನ ಸಮೀಕ್ಷೆಗಳಲ್ಲಿ ಅಲ್ಲಿ ಕಾಣಸಿಗಲಿಲ್ಲ. ಉಳಿದಿರುವುದು ಒಂದು ಗವಿ ಮತ್ತು ಅದರೊಳಗೆ ಇನ್ನೂರಕ್ಕೂ ಕಡಿಮೆ ಜೀವಗಳು. 2016ರಲ್ಲಿ ಅಂತಾರಾಷ್ಟ್ರೀಯ ಕೆಂಪುಪಟ್ಟಿಯು ಇದನ್ನು ಅಳಿವಿನ ತೀರಾ ಅಂಚಿನಲ್ಲಿರುವ ಪ್ರಾಣಿಗಳ ಸಾಲಿಗೆ ಸೇರಿಸಿತು.

ಇದಕ್ಕೆ ಯಾವುದೇ ಬೇಟೆಗಾರ ಕಾರಣನಲ್ಲ. ಕೋಲಾರದ ಗುಡ್ಡಗಳ ಗ್ರಾನೈಟ್ ಶಿಲೆಗೆ ಪೇಟೆಯಲ್ಲಿ ಬೆಲೆಯಿದೆ. ಬಂಡೆಗೆ ಕುಳಿ ಕೊರೆದು ಮದ್ದು ತುಂಬಿ ಸಿಡಿಸಿದಾಗ ಗವಿಯ ಚಾವಣಿ ನಡುಗುತ್ತದೆ, ಬಿರುಕು ಬಿಡುತ್ತದೆ. ಕೆಲವೊಮ್ಮೆ ಗವಿಯೇ ಲಾರಿಯೇರಿ ಹೋಗುತ್ತದೆ. ಹುಲಿ ಸತ್ತರೆ ಸುದ್ದಿಯಾಗುತ್ತದೆ, ಆನೆ ಸತ್ತರೆ ತನಿಖೆಯಾಗುತ್ತದೆ. ಒಂದು ಪ್ರಾಣಿಯ ಕುಲವೇ ಜಲ್ಲಿಯ ರಾಶಿಯೊಳಗೆ ಸೇರಿಹೋದರೆ ಕೇಳುವವರು ವಿರಳ. ಪುಣ್ಯವಶಾತ್ ಹನುಮನಹಳ್ಳಿಯ ವಿಷಯದಲ್ಲಿ ಕೇಳುವವರು ಹುಟ್ಟಿಕೊಂಡರು. ಬಾವಲಿ ಸಂರಕ್ಷಣೆಗಾಗಿಯೇ ಶ್ರಮಿಸುತ್ತಿರುವ ಸಂಶೋಧಕರು ಮತ್ತು ಆಸಕ್ತರ ಬೆನ್ನುಬಿಡದ ಪ್ರಯತ್ನದ ಫಲವಾಗಿ 2019ರಲ್ಲಿ ರಾಜ್ಯದ ಅರಣ್ಯ ಇಲಾಖೆಯು ಗವಿಯ ಸುತ್ತಲಿನ 30 ಎಕರೆ ಪ್ರದೇಶವನ್ನು ರಕ್ಷಣೆಗೆಂದು ಅಧಿಸೂಚನೆಗೊಳಪಡಿಸಿತು. ಒಂದು ಜಾತಿಯ ಸಮಸ್ತ ಭವಿಷ್ಯಕ್ಕೆ ದೊರೆತ ಭೂಮಿ ಇಷ್ಟು. ಮಲೆನಾಡಿನ ಒಬ್ಬ ದೊಡ್ಡ ಹಿಡುವಳಿದಾರನ ತೋಟಕ್ಕಿಂತ ಹೆಚ್ಚೇನಲ್ಲ.

ಗವಿಯೆಂದರೆ ಬರಿದಾದ ಕತ್ತಲೆ ಎಂಬುದು ಸಾಮಾನ್ಯ ತಿಳುವಳಿಕೆ. ಆದರೆ ಕತ್ತಲೆಯಲ್ಲಿಯೂ ಒಂದು ವ್ಯವಸ್ಥೆಯಿದೆ. ಗವಿಯ ಬಾಯಿಯ ಬಳಿ ಬೆಳಕಿರುತ್ತದೆ. ಅಲ್ಲಿ ಪಾಚಿ, ಹಾವಸೆ, ಜರೀಗಿಡಗಳು ಬೆಳೆಯುತ್ತವೆ. ಸ್ವಲ್ಪ ಒಳಕ್ಕೆ ಮಬ್ಬುಗತ್ತಲೆಯ ವಲಯ. ಅದರಾಚೆ ಎಂದೂ ಬೆಳಕು ಸೋಕದ ಕಗ್ಗತ್ತಲೆ. ಅಲ್ಲಿ ಹಗಲಿಲ್ಲ, ಇರುಳಿಲ್ಲ, ಬೇಸಿಗೆ ಚಳಿಗಾಲಗಳ ಅಂತರವೂ ಇಲ್ಲವೆನ್ನುವಷ್ಟು ಕಡಿಮೆ. ಆಳವಾದ ಗವಿಯೊಳಗಿನ ಉಷ್ಣತೆಯು ಆ ಊರಿನ ವರ್ಷದ ಸರಾಸರಿ ಉಷ್ಣತೆಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಗಾಳಿಯಲ್ಲಿ ತೇವ ತುಂಬಿರುತ್ತದೆ. ಇಂತಹ ಸ್ಥಿರತೆಗೆ ಸಾವಿರಾರು ತಲೆಮಾರುಗಳಿಂದ ಒಗ್ಗಿಕೊಂಡ ಜೀವಿಗಳಿಗೆ ಹೊರಗಿನವರಿಗೆ ಲೆಕ್ಕಕ್ಕೇ ಬಾರದ ಒಂದೆರಡು ಡಿಗ್ರಿಗಳ ಏರಿಳಿತವೂ ದೊಡ್ಡ ಪೆಟ್ಟು.

ಬಿಸಿಲಿಲ್ಲದ ಕಡೆ ಹಸುರೆಲೆಯಿಲ್ಲ. ಹಸುರೆಲೆಯಿಲ್ಲದ ಕಡೆ ಅನ್ನ ಹುಟ್ಟುವುದಿಲ್ಲ. ಹಾಗಾದರೆ ಗವಿಯ ಜೀವಿಗಳು ಉಣ್ಣುವುದೇನನ್ನು? ಅವುಗಳ ಊಟವೆಲ್ಲ ಹೊರಗಿನಿಂದ ಬರತಕ್ಕದ್ದು. ಮಳೆಗಾಲದ ನೀರು ತರಗೆಲೆ, ಕಡ್ಡಿ, ಮಣ್ಣನ್ನು ಹೊತ್ತು ತರುತ್ತದೆ. ಬಂಡೆಯ ಸೀಳುಗಳಲ್ಲಿ ಮರದ ಬೇರುಗಳು ಇಳಿದು ಬರುತ್ತವೆ. ಇವೆರಡಕ್ಕಿಂತಲೂ ಮುಖ್ಯವಾದುದು ಬಾವಲಿಯ ಹಿಕ್ಕೆ. ಇರುಳೆಲ್ಲ ಗದ್ದೆ, ತೋಟ, ಕಾಡುಗಳ ಮೇಲೆ ಹಾರಾಡಿ ಕೀಟಗಳನ್ನು ತಿಂದ ಬಾವಲಿಗಳು ಬೆಳಗಿನ ಜಾವ ಮರಳಿ ಚಾವಣಿಗೆ ಜೋತುಬೀಳುತ್ತವೆ. ಅವುಗಳ ಹಿಕ್ಕೆ ನೆಲಕ್ಕೆ ಬಿದ್ದು ರಾಶಿಯಾಗುತ್ತದೆ. ಆ ರಾಶಿಯಲ್ಲಿ ಶಿಲೀಂಧ್ರಗಳು, ಬ್ಯಾಕ್ಟೀರಿಯಾಗಳು ಹುಟ್ಟುತ್ತವೆ. ಅವುಗಳನ್ನು ನುಸಿಗಳು, ಜಿಗಿಬಾಲದ ಕಿರುಕೀಟಗಳು, ಸಹಸ್ರಪದಿಗಳು, ಜಿರಳೆಗಳು ಮೇಯುತ್ತವೆ. ಇವುಗಳನ್ನು ಹಿಡಿಯಲು ಜೇಡಗಳೂ ಚಾಟಿಯಂತಹ ಉದ್ದ ಮುಂಗಾಲುಗಳ ಚಾಟಿಜೇಡಗಳೂ ಕಾದಿರುತ್ತವೆ. ಹೊಲದ ಕೀಟವೇ ಗವಿಯ ಗೊಬ್ಬರವಾಗಿ, ಗೊಬ್ಬರವೇ ಗವಿಯ ಅನ್ನವಾಗುವ ಕ್ರಮವಿದು. ಬಾವಲಿಗಳು ಗವಿ ಬಿಟ್ಟುಹೋದರೆ ಈ ಇಡೀ ಊರಿನ ದಿನಸಿ ನಿಂತುಹೋಗುತ್ತದೆ.

ಈ ನಿಯಮಕ್ಕೂ ಅಪವಾದವುಂಟು. ರೊಮೇನಿಯಾದ ಮೊವಿಲೆ ಎಂಬ ಗವಿ 1986ರಲ್ಲಿ ಬೆಳಕಿಗೆ ಬಂದಿತು. ಹೊರಜಗತ್ತಿನಿಂದ ಸುಮಾರು 55 ಲಕ್ಷ ವರ್ಷಗಳ ಕಾಲ ಮುಚ್ಚಿಕೊಂಡಿದ್ದ ಆ ಗವಿಯಲ್ಲಿ ಗಂಧಕಯುಕ್ತ ನೀರಿನಿಂದಲೇ ಶಕ್ತಿ ಪಡೆಯುವ ಬ್ಯಾಕ್ಟೀರಿಯಾಗಳು ಜೀವಜಾಲದ ತಳಹದಿಯಾಗಿವೆ. ವಿದ್ಯಾರ್ಥಿಗಳು ಇದನ್ನು ವಿವರವಾಗಿ ಓದಬೇಕು. ಆದರೆ ಕರ್ನಾಟಕದ ಗವಿಗಳ ಮಟ್ಟಿಗೆ ಹಿಕ್ಕೆಯ ರಾಶಿಯೇ ಉಗ್ರಾಣ.

ಗವಿಯಲ್ಲಿರುವ ಪ್ರಾಣಿಗಳೆಲ್ಲ ಒಂದೇ ಬಗೆಯವಲ್ಲ. ಬಾವಲಿಯಂಥವು ಬಂದುಹೋಗುವ ನೆಂಟರು. ಕೆಲವು ಜೇಡ, ಮಿಡತೆಗಳು ಒಳಗೂ ಬದುಕಬಲ್ಲವು, ಹೊರಗೂ ಬದುಕಬಲ್ಲವು. ಮೂರನೆಯ ಗುಂಪಿನವು ಮಾತ್ರ ಗವಿಯನ್ನು ಬಿಟ್ಟು ಬದುಕಲಾರವು. ಕತ್ತಲೆಯಲ್ಲಿ ಕಣ್ಣಿಗೆ ಕೆಲಸವಿಲ್ಲ, ಬಣ್ಣಕ್ಕೆ ಬೆಲೆಯಿಲ್ಲ. ಆದುದರಿಂದ ತಲೆಮಾರುಗಳು ಕಳೆದಂತೆ ಅವುಗಳ ಕಣ್ಣುಗಳು ಕ್ಷೀಣಿಸಿ ಮೈ ಬಿಳಿಚಿಕೊಂಡಿರುತ್ತದೆ, ಮೀಸೆ ಕಾಲುಗಳು ನೀಳವಾಗಿರುತ್ತವೆ. ಛತ್ತೀಸಗಡದ ಕಂಗೇರ್ ಕಣಿವೆಯ ಕೋಟಂಸರ್ ಗವಿಯ ಮೀನು ಇದಕ್ಕೆ ಒಳ್ಳೆಯ ಉದಾಹರಣೆ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಕಲ್ಲುಗಳ ನಡುವೆ ಕಾಣುವ ಒಂದು ಪುಟ್ಟ ಮೀನಿನ ಬಳಗವೇ ಅಲ್ಲಿ ಕತ್ತಲೆಗೆ ಸಿಕ್ಕಿ, ಕಣ್ಣು ಬಣ್ಣಗಳನ್ನು ಕಳೆದುಕೊಳ್ಳುತ್ತಿರುವ ವಿವಿಧ ಹಂತಗಳಲ್ಲಿದೆ. ಯೂರೋಪಿನ ಗವಿನೀರಿನಲ್ಲಿರುವ ಪ್ರೋಟಿಯಸ್ ಎಂಬ ಕುರುಡು ಉಭಯವಾಸಿಯ ಸರಾಸರಿ ಪ್ರೌಢಾಯುಷ್ಯ 68 ವರ್ಷಗಳೆಂದು 2010ರ ಅಧ್ಯಯನವೊಂದು ತಿಳಿಸಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅಂತಹ ಒಂದು ಪ್ರಾಣಿ ಏಳು ವರ್ಷ ಒಂದೇ ಜಾಗದಲ್ಲಿದ್ದುದು ಕಂಡುಬಂದಿತು. ಅನ್ನ ಅಪರೂಪವಾದ ಕಡೆ ಬದುಕು ನಿಧಾನವಾಗುತ್ತದೆ, ಸಂತಾನವೂ ನಿಧಾನವಾಗುತ್ತದೆ. ಹೀಗೆ ನಿಧಾನವಾಗಿ ಬದುಕುವ ಜೀವಿಗೆ ಒಮ್ಮೆ ಆದ ನಷ್ಟವನ್ನು ತುಂಬಿಕೊಳ್ಳಲು ಒಂದು ಮನುಷ್ಯನ ಆಯುಷ್ಯವೇ ಸಾಲದು.

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ತಳೇವಾಡಿಯ ಸಮೀಪದ ಬಾರಾಪೇಡೆ ಗವಿಗಳ ಕತೆಯನ್ನು ಘಟ್ಟದ ಮಕ್ಕಳು ತಿಳಿದಿರಲೇಬೇಕು. ಮಹದಾಯಿಯ ಉಗಮಪ್ರದೇಶದ ಆ ದಟ್ಟಕಾಡಿನಲ್ಲಿ ಎಸ್.ಎಚ್. ಪ್ರೇಟರ್ ಅವರು ಸಂಗ್ರಹಿಸಿದ ಬಾವಲಿಯನ್ನು ಆಲ್ಡ್‌ಫೀಲ್ಡ್ ಥಾಮಸ್ ಎಂಬ ವಿದ್ವಾಂಸರು 1913ರಲ್ಲಿ ಹೊಸ ಜಾತಿಯೆಂದು ವರ್ಣಿಸಿದರು. ರಾಟನ್ ಎಂಬವರ ಗೌರವಾರ್ಥ ಅದಕ್ಕೆ ರಾಟನ್ ಬಾವಲಿ ಎಂದು ಹೆಸರಾಯಿತು. ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡು ಮುಂದಕ್ಕೆ ಚಾಚಿದ ದೊಡ್ಡ ಕಿವಿಗಳು, ರೆಕ್ಕೆಯ ಚರ್ಮದಿಂದ ಹೊರಕ್ಕೆ ಚಾಚಿದ ಬಿಡಿಬಾಲ ಇದರ ಗುರುತು. ಸುಮಾರು ಒಂಬತ್ತು ದಶಕಗಳ ಕಾಲ ಪ್ರಪಂಚದಲ್ಲಿ ಈ ಬಾವಲಿಯ ನೆಲೆ ಬಾರಾಪೇಡೆಯೊಂದೇ ಎಂದು ನಂಬಲಾಗಿತ್ತು. ಈ ಶತಮಾನದ ಆರಂಭದಲ್ಲಿ ಕಾಂಬೋಡಿಯಾದಲ್ಲಿ ಒಂದು, ಮೇಘಾಲಯದ ಗವಿಗಳಲ್ಲಿ ಕೆಲವು ಕಂಡುಬಂದವು. ವನ್ಯಜೀವಿ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿ, ಅಂದರೆ ಹುಲಿಯ ಸಾಲಿನಲ್ಲಿ, ಬಹುಕಾಲ ಸ್ಥಾನ ಪಡೆದಿದ್ದ ಬಾವಲಿಗಳು ಎರಡೇ, ಅವುಗಳಲ್ಲಿ ಇದೊಂದು. 2011ರಲ್ಲಿ ಭೀಮಗಡ ವನ್ಯಧಾಮ ಘೋಷಣೆಯಾದಾಗ ಅದರ ಪರವಾಗಿ ಮಂಡಿಸಲಾದ ವಾದಗಳಲ್ಲಿ ಈ ಬಾವಲಿಯೂ ಸೇರಿತ್ತು. ಅದೇ ಕಾಯಿದೆಯು ಹಣ್ಣು ತಿನ್ನುವ ಬಾವಲಿಗಳನ್ನು 2022ರ ತಿದ್ದುಪಡಿಯವರೆಗೂ ಇಲಿ, ಕಾಗೆಗಳೊಡನೆ ಪೀಡೆಗಳ ಪಟ್ಟಿಯಲ್ಲಿ ಇರಿಸಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಆ ಪಟ್ಟಿಯೇ ಈಗ ಇಲ್ಲ. ಪಟ್ಟಿ ಹೋದಷ್ಟು ಸುಲಭವಾಗಿ ಮನಸ್ಸಿನ ಪಟ್ಟಿ ಹೋಗುವುದಿಲ್ಲ.

ಬಾವಲಿಯಿಂದ ರೈತನಿಗೇನು ಲಾಭ ಎಂಬ ಪ್ರಶ್ನೆ ಇಂತಹ ಸಭೆಗಳಲ್ಲಿ ಬಂದೇ ಬರುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಥಾಯ್ಲೆಂಡಿನ ಗವಿಗಳಲ್ಲಿ ಬೃಹತ್ ಹಿಂಡುಗಳಾಗಿ ನೆಲೆಸಿರುವ ಸುಕ್ಕುತುಟಿಯ ಬಾವಲಿಯು ಭತ್ತದ ಬಿಳಿಬೆನ್ನಿನ ಜಿಗಿಹುಳುಗಳನ್ನು ತಿನ್ನುತ್ತದೆ. ಮಲೆನಾಡಿನ ಗದ್ದೆಯ ರೈತರಿಗೆ ಈ ಜಿಗಿಹುಳು ಅಪರಿಚಿತವಲ್ಲ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಅಂದಾಜಿನಂತೆ, ಈ ಒಂದು ಜಾತಿಯ ಬಾವಲಿಯಿಂದ ಥಾಯ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 2,900 ಟನ್ ಅಕ್ಕಿ ಉಳಿಯುತ್ತದೆ; ಇದು 26,000 ಮಂದಿಯ ವರ್ಷದ ಊಟ. ಕೂಲಿಯಿಲ್ಲ, ಸಬ್ಸಿಡಿಯಿಲ್ಲ, ಸಿಂಪಡಣೆಯ ಯಂತ್ರವಿಲ್ಲ.

ಬಾವಲಿ ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ಅಮೆರಿಕದಲ್ಲಿ ಒಂದು ದಾರುಣ ನಿದರ್ಶನ ದೊರೆತಿದೆ. 2006ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಗವಿಯೊಂದರಲ್ಲಿ ಮೂತಿಯ ಮೇಲೆ ಬಿಳಿ ಬೂಷ್ಟು ಕಟ್ಟಿದ ಬಾವಲಿಗಳ ಛಾಯಾಚಿತ್ರ ತೆಗೆಯಲಾಯಿತು. ಯೂರೇಷ್ಯಾ ಮೂಲದ ಒಂದು ಶಿಲೀಂಧ್ರವು ಅಲ್ಲಿಗೆ ತಲುಪಿತ್ತು. ಗವಿ ನೋಡಲು ಬಂದವರ ಬಟ್ಟೆ ಅಥವಾ ಬೂಟಿನ ಮೂಲಕವೇ ಅದು ಸಾಗರ ದಾಟಿರಬೇಕೆಂದು ತಜ್ಞರು ಭಾವಿಸುತ್ತಾರೆ. ಚಳಿಗಾಲದ ದೀರ್ಘನಿದ್ರೆಯಲ್ಲಿರುವ ಬಾವಲಿಗಳನ್ನು ಈ ರೋಗ ಮತ್ತೆ ಮತ್ತೆ ಎಚ್ಚರಿಸುತ್ತದೆ. ವಸಂತದವರೆಗೆ ಬರಬೇಕಾದ ಕೊಬ್ಬು ಚಳಿಯ ನಡುವೆಯೇ ಕರಗಿಹೋಗಿ ಅವು ಹಸಿವಿನಿಂದ ಸಾಯುತ್ತವೆ. 2012ರ ವೇಳೆಗೆ ಸತ್ತವುಗಳ ಸಂಖ್ಯೆ 57ರಿಂದ 67 ಲಕ್ಷವೆಂದು ಅಲ್ಲಿನ ಸರ್ಕಾರಿ ಇಲಾಖೆ ಅಂದಾಜಿಸಿತು. 2024ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಇಯಾಲ್ ಫ್ರಾಂಕ್ ಅವರ ಅಧ್ಯಯನವು ಈ ಕತೆಯನ್ನು ಹೊಲಕ್ಕೆ, ಅಲ್ಲಿಂದ ತೊಟ್ಟಿಲಿಗೆ ಒಯ್ಯಿತು. ಬಾವಲಿಗಳು ಅಳಿದ ಜಿಲ್ಲೆಗಳಲ್ಲಿ ರೈತರು ಕೀಟನಾಶಕದ ಬಳಕೆಯನ್ನು ಸರಾಸರಿ ಶೇ. 31ರಷ್ಟು ಹೆಚ್ಚಿಸಿದರು, ಅದೇ ಜಿಲ್ಲೆಗಳಲ್ಲಿ ಶಿಶುಮರಣ ಸುಮಾರು ಶೇ. 8ರಷ್ಟು ಏರಿತು. ಗವಿಯ ಕತ್ತಲೆಯಲ್ಲಿ ನಡೆದ ಸಾವಿಗೂ ಹೆರಿಗೆಯ ಕೋಣೆಗೂ ಇಂತಹ ನಂಟಿರಬಹುದೆಂದು ಮೊದಲೇ ಹೇಳಿದ್ದರೆ ಎಷ್ಟು ಮಂದಿ ನಂಬುತ್ತಿದ್ದರು?

ಈ ಶಿಲೀಂಧ್ರವು ಚಳಿಯಲ್ಲಿ ಬೆಳೆಯತಕ್ಕದ್ದು. 20 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿಯಲ್ಲಿ ಅದಕ್ಕೆ ಬಾಳ್ವೆಯಿಲ್ಲ. ಆದುದರಿಂದ ದಕ್ಷಿಣ ಭಾರತದ ಬೆಚ್ಚನೆಯ ಗವಿಗಳಿಗೆ ಅದರ ಭಯ ಹಚ್ಚುವುದು ಸರಿಯಲ್ಲ. ಇಲ್ಲಿನ ಅಪಾಯಗಳು ಬೇರೆ, ಮತ್ತು ಹೆಚ್ಚಿನವು ಕಣ್ಣೆದುರಿನವೇ.

ಮೊದಲನೆಯದು ಗಣಿ. ಇದಕ್ಕೆ ಕೋಲಾರವೊಂದೇ ಸಾಕ್ಷಿಯಲ್ಲ. ಮೇಘಾಲಯದ ಸುಣ್ಣಕಲ್ಲಿನ ಬೆಟ್ಟಗಳ ಒಳಗೆ ದೇಶದ ಅತಿ ಉದ್ದದ ಗವಿಗಳಿವೆ. ಕ್ರೆಮ್ ಲಿಯಟ್ ಪ್ರಾಹ್ 30 ಕಿಲೋಮೀಟರಿಗೂ ಉದ್ದವಾಗಿದೆ. ಅಲ್ಲಿನ ಸಿಜು ಗವಿಯನ್ನು 1922ರಲ್ಲಿಯೇ ಸ್ಟ್ಯಾನ್ಲಿ ಕೆಂಪ್ ಮತ್ತು ಬಿ. ಚೋಪ್ರಾ ಅವರು ಅಭ್ಯಸಿಸಿ ನೂರಕ್ಕೂ ಹೆಚ್ಚು ಬಗೆಯ ಪ್ರಾಣಿಗಳನ್ನು ದಾಖಲಿಸಿದರು. ಜಯಂತಿಯಾ ಬೆಟ್ಟದ ಉಮ್ ಲಾಡಾವ್ ಎಂಬ ಆಳದ ಗವಿಯಲ್ಲಿ 40 ಸೆಂಟಿಮೀಟರಿಗೂ ಉದ್ದದ ಕಣ್ಣಿಲ್ಲದ ಮೀನುಗಳಿವೆ. ಗವಿಮೀನುಗಳಲ್ಲೆಲ್ಲ ದೊಡ್ಡದೆನಿಸಿದ, ಮಹಶೀರ್ ಮೀನಿನ ಬಂಧುವಾದ ಇದಕ್ಕೆ 2023ರಲ್ಲಿ ಅಲ್ಲಿನ ಪ್ನಾರ್ ಜನರ ಹೆಸರನ್ನೇ ಇಡಲಾಯಿತು. ಅದೇ ಜಯಂತಿಯಾ ಬೆಟ್ಟದಲ್ಲಿ ಸಿಮೆಂಟಿಗಾಗಿ ಸುಣ್ಣಕಲ್ಲನ್ನೂ ಇಲಿಬಿಲದಂತಹ ಸುರಂಗಗಳಲ್ಲಿ ಕಲ್ಲಿದ್ದಲನ್ನೂ ತೆಗೆಯಲಾಗುತ್ತಿತ್ತು. ಕಲ್ಲಿದ್ದಲಿನ ಗಣಿಯಿಂದ ಸೋರಿದ ಆಮ್ಲದ ನೀರು ಹೊಳೆಗಳ ಮೀನುಗಳನ್ನು ಕೊಂದಿತು. 2014ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇಲಿಬಿಲ ಗಣಿಗಾರಿಕೆಯನ್ನು ನಿಷೇಧಿಸಿತು. 2018ರ ಡಿಸೆಂಬರಿನಲ್ಲಿ ಅಂತಹದೇ ಗಣಿಯೊಂದಕ್ಕೆ ನೀರು ನುಗ್ಗಿ ಕಾರ್ಮಿಕರು ಸಿಕ್ಕಿಬಿದ್ದಾಗ ನಿಷೇಧದ ಬೆಲೆಯೆಷ್ಟೆಂಬುದು ದೇಶಕ್ಕೆ ತಿಳಿಯಿತು. ಕೂಲಿಯವನೂ ಕುರುಡು ಮೀನೂ ಒಂದೇ ನೀರಿಗೆ ಬಲಿಯಾಗುವ ಕಡೆ ಪರಿಸರ ಬೇರೆ, ಬಡವರ ಬದುಕು ಬೇರೆ ಎಂಬ ವಾದ ನಿಲ್ಲುವುದಿಲ್ಲ.

ಎರಡನೆಯದು ಪ್ರವಾಸ. ಗವಿಯನ್ನು ನೋಡಬೇಕೆಂಬ ಕುತೂಹಲ ಸಹಜ. ಭಕ್ತಿಯೂ ಸಹಜವೇ. ದಾಂಡೇಲಿಯ ಕಾಡಿನ ಕವಳಾ ಗವಿಯಲ್ಲಿ ಸುಣ್ಣದ ನೀರು ತೊಟ್ಟಿಕ್ಕಿ ಬೆಳೆದ ಕಲ್ಲೇ ಶಿವಲಿಂಗವಾಗಿ ಪೂಜೆಗೊಳ್ಳುತ್ತದೆ. ಶಿವರಾತ್ರಿಗೆ ಜನ ಸೇರುತ್ತಾರೆ. ವರ್ಷಕ್ಕೊಮ್ಮೆ ಮಣ್ಣಿನ ಹಣತೆ ಹಿಡಿದು ಹೋಗುವವರಿಗೂ ದಿನಾಲೂ ಪ್ರಖರ ದೀಪ, ಧ್ವನಿವರ್ಧಕ, ಪಟಾಕಿಗಳೊಡನೆ ನುಗ್ಗುವವರಿಗೂ ವ್ಯತ್ಯಾಸವಿದೆ. ತೊಟ್ಟಿಕ್ಕುವ ನೀರಿನಿಂದ ಇಂತಹ ಕಲ್ಲು ಒಂದು ಮಿಲಿಮೀಟರ್ ಬೆಳೆಯಲು ಹತ್ತಾರು ವರ್ಷ ಹಿಡಿಯುವುದುಂಟು. ಬೆರಳಿನ ಜಿಡ್ಡು ತಗುಲಿದರೆ ಆ ಬೆಳವಣಿಗೆ ಕುಂಠಿತವಾಗುತ್ತದೆ. ಫ್ರಾನ್ಸಿನ ಲಾಸ್ಕೋ ಗವಿಯ ಆದಿಮಾನವನ ಚಿತ್ರಗಳನ್ನು 1948ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಸಾವಿರಾರು ವರ್ಷ ಕೆಡದೆ ಉಳಿದಿದ್ದ ಚಿತ್ರಗಳ ಗೋಡೆಯಲ್ಲಿ ವೀಕ್ಷಕರ ಉಸಿರು, ಮೈಬಿಸಿ ಮತ್ತು ದೀಪಗಳಿಂದಾಗಿ ಪಾಚಿ ಬೆಳೆಯಿತು. 1963ರಲ್ಲಿ ಗವಿಯನ್ನೇ ಮುಚ್ಚಬೇಕಾಯಿತು. ಬರಿಯ ಉಸಿರಿನಿಂದ ಕಲ್ಲಿಗೇ ಇಷ್ಟಾದರೆ ಜೀವಿಗಳಿಗೆ ಎಷ್ಟಾಗಬೇಡ.

ಹೆಣ್ಣು ಬಾವಲಿಯು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ತಾಯಂದಿರು ಒಂದೆಡೆ ಸೇರಿ ಮರಿಗಳನ್ನು ಸಾಕುವ ದಿನಗಳಲ್ಲಿ ಗದ್ದಲವಾದರೆ ಗಾಬರಿಗೊಂಡು ಒಮ್ಮೆಲೇ ಹಾರುತ್ತವೆ. ಅಂಟಿಕೊಂಡಿದ್ದ ಮರಿಗಳು ಉದುರಿಬೀಳುತ್ತವೆ. ಬಿದ್ದ ಮರಿ ಬದುಕುವುದು ಅಪರೂಪ. ಹೊಗೆ ಹಾಕುವುದು, ಬಾಯಿಗೆ ಬೆಂಕಿಯಿಡುವುದು, ಜೇನಿಗಾಗಿ ಸೂಡಿ ಹಚ್ಚಿ ಒಳಗೆ ನುಗ್ಗುವುದು ಇವೆಲ್ಲವೂ ಒಂದು ಪೀಳಿಗೆಯನ್ನೇ ಅಳಿಸಬಲ್ಲವು. ರೋಗದ ಭಯದಿಂದ ಹೀಗೆ ಮಾಡುವವರೂ ಇದ್ದಾರೆ. 2018ರಲ್ಲಿ ಕೇರಳದ ಕೋಯಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಪಾ ವೈರಾಣುವಿನ ಆಶ್ರಯವೆನಿಸಿದ ದೊಡ್ಡ ಹಣ್ಣುಬಾವಲಿಯು ಮರಗಳಲ್ಲಿ ಜೋತಾಡುವುದೇ ಹೊರತು ಗವಿಯಲ್ಲಿ ವಾಸಿಸುವುದಲ್ಲ. ಗವಿಯ ಒಣಹಿಕ್ಕೆಯ ಧೂಳಿನಲ್ಲಿಯೂ ಶ್ವಾಸಕೋಶಕ್ಕೆ ರೋಗ ತರುವ ಶಿಲೀಂಧ್ರ ಇರಬಹುದೆಂಬುದು ನಿಜ. ಅದಕ್ಕೆ ಔಷಧ ಸರಳವಾಗಿದೆ: ಒಳಗೆ ಹೋಗದಿರುವುದು. ಬೆದರಿ ಚದುರಿದ ಬಾವಲಿಗಳು ಮನುಷ್ಯರಿಗೆ ಇನ್ನೂ ಹತ್ತಿರ ಬರುತ್ತವೆಯೇ ಹೊರತು ದೂರ ಹೋಗುವುದಿಲ್ಲ.

ಹಿಕ್ಕೆಯ ವಿಚಾರದಲ್ಲಿ ಕೃಷಿಕರಿಗೊಂದು ಮಾತು. ಇದು ಸಾರಜನಕ, ರಂಜಕಗಳಿಂದ ಕೂಡಿದ ಉತ್ತಮ ಗೊಬ್ಬರವೆಂಬುದರಲ್ಲಿ ಸಂದೇಹವಿಲ್ಲ. ಸಾವಯವ ಗೊಬ್ಬರಕ್ಕೆ ಬೇಡಿಕೆ ಹೆಚ್ಚಿದಂತೆ ಇದಕ್ಕೂ ಗಿರಾಕಿಗಳು ಬರುತ್ತಾರೆ. ಆದರೆ ನೆಲದವರೆಗೆ ಕೆರೆದು ಚೀಲ ತುಂಬಿದರೆ ಗವಿಯ ಸಮಸ್ತ ಕಿರುಜೀವಿಗಳ ಉಗ್ರಾಣವನ್ನೇ ಬರಿದುಮಾಡಿದಂತಾಗುತ್ತದೆ. ಹಳೆಯ ಕಟ್ಟಡಗಳಲ್ಲಿ ಬಿದ್ದ ಹಿಕ್ಕೆಯನ್ನು ಬಳಸಬಹುದು. ಗವಿಯದನ್ನು ಗವಿಗೇ ಬಿಡುವುದು ಲೇಸು. ತೋಟಕ್ಕೆ ಗೊಬ್ಬರ ಬೇರೆ ಕಡೆಯೂ ಸಿಗುತ್ತದೆ.

ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಷ್ಟು ದೊಡ್ಡ ಗವಿಗಳಿಲ್ಲವಲ್ಲ ಎಂದು ಕೆಲವರು ಕೇಳಬಹುದು. ಮನುಷ್ಯ ಹೊಗುವಂತಹ ಗವಿ ಇಲ್ಲದಿದ್ದರೇನು, ಜಂಬಿಟ್ಟಿಗೆ ಕಲ್ಲಿನ ನೆಲವೇ ತೂತುಗಳ ಮನೆ. ಕೇರಳದಲ್ಲಿ ಇದೇ ಬಗೆಯ ಕಲ್ಲಿನೊಳಗಿನ ಅಂತರ್ಜಲದಿಂದ ಬಾವಿಗಳಿಗೆ ಬಂದ ಕುರುಡು ಮೀನೊಂದನ್ನು 1950ರಲ್ಲಿ ಕೊಟ್ಟಾಯಂ ಪ್ರದೇಶದಿಂದ ವರ್ಣಿಸಲಾಯಿತು. ಬೆರಳುದ್ದವೂ ಇಲ್ಲದ, ರಕ್ತವರ್ಣದ ಮೀನು ಅದು. 2018ರ ಮಹಾಪೂರದ ತರುವಾಯ ಗದ್ದೆಯಲ್ಲಿ ಕಂಡ ವಿಚಿತ್ರ ಮೀನೊಂದು 2019ರಲ್ಲಿ ಹೊಸ ಕುಲವೆಂದು ಸಾಬೀತಾಯಿತು. ಅದರ ವಂಶವು ಹತ್ತು ಕೋಟಿ ವರ್ಷಗಳಿಗೂ ಹಿಂದೆಯೇ ಇತರ ಹಾವುತಲೆ ಮೀನುಗಳಿಂದ ಕವಲೊಡೆದದ್ದೆಂದು ಸಂಶೋಧಕರು ಹೇಳುತ್ತಾರೆ. ಭತ್ತದ ಬದುವಿನ ಕೆಳಗೆ ಇಷ್ಟು ಪ್ರಾಚೀನ ಜೀವ.

ಜಂಬಿಟ್ಟಿಗೆಯ ತೂತುಗಳಲ್ಲಿ ನೀರು ವೇಗವಾಗಿ ಹರಿಯುತ್ತದೆ; ಸೋಸುವಿಕೆ ಕಡಿಮೆ. ಶೌಚಗುಂಡಿಯ ನೀರು, ಕಳೆನಾಶಕ, ಕೀಟನಾಶಕಗಳು ಆ ದಾರಿಯಲ್ಲಿಯೇ ಬಾವಿಗಿಳಿಯುತ್ತವೆ. ಅಡಕೆಗೆ ವರ್ಷವರ್ಷವೂ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರವು ತೋಟದ ಮಣ್ಣಿನಲ್ಲಿ ಸಂಗ್ರಹವಾಗುತ್ತದೆ. ನೀರಿನ ಸಣ್ಣ ಕವಚಜೀವಿಗಳಿಗೆ ತಾಮ್ರ ಅತ್ಯಲ್ಪ ಪ್ರಮಾಣದಲ್ಲಿಯೂ ವಿಷ. ಕೊಳೆರೋಗಕ್ಕೆ ದ್ರಾವಣ ಬೇಡವೆಂದು ಯಾರೂ ಹೇಳಲಾರರು. ಆದರೆ ಉಳಿದ ದ್ರಾವಣವನ್ನು ಬಾವಿಯ ಕಟ್ಟೆಯ ಬಳಿ ಚೆಲ್ಲಿ ಡ್ರಮ್ಮು ತೊಳೆಯುವುದನ್ನು ಬಿಡಬಹುದು. ಮರದ ಬೇರು, ತರಗೆಲೆ, ಇಂಗುವ ಮಳೆ ಇವೆಲ್ಲ ನೆಲದಡಿಯ ಅನ್ನದಾತರೆಂಬುದರಿಂದ, ಕಲ್ಲುಕೋರೆಯ ಮೇಲ್ಭಾಗದ ಕುರುಚಲು ಕಾಡು ಕಡಿಯುವಾಗಲೂ ಕೆಳಗಿನವರ ಲೆಕ್ಕ ಹಾಕಬೇಕಾಗುತ್ತದೆ.

ಗ್ರಾಮಸ್ಥರು ಮಾಡಬಹುದಾದ ಕೆಲಸಗಳು ದುಬಾರಿಯಲ್ಲ. ಊರಿನ ವ್ಯಾಪ್ತಿಯಲ್ಲಿ ಬಾವಲಿಯ ಗವಿಗಳಿದ್ದರೆ ಅವುಗಳ ಸ್ಥಳವನ್ನು ಪಂಚಾಯಿತಿಯ ಜೀವವೈವಿಧ್ಯ ದಾಖಲೆಯಲ್ಲಿ ನಮೂದಿಸಬೇಕು. ಗಣಿ ಪರವಾನಗಿಯ ಅರ್ಜಿ ಬಂದ ಮೇಲೆ ಹುಡುಕಾಡುವುದಕ್ಕಿಂತ ಮೊದಲೇ ಕಾಗದದಲ್ಲಿರುವುದು ಮೇಲು. ಗವಿಗೆ ಬಾಗಿಲು ಹಾಕಲೇಬೇಕಾದ ಸಂದರ್ಭ ಬಂದರೆ ತಗಡು, ಗೋಡೆ ಅಥವಾ ಸಣ್ಣಕಣ್ಣಿನ ಜಾಲರಿ ಸಲ್ಲದು. ಬಾವಲಿ ಹಾರಿಹೋಗುವಷ್ಟು ಅಂತರವಿರುವ ಅಡ್ಡಸರಳುಗಳೇ ಬೇಕು. ಅವನ್ನು ಇಡುವ ಮುನ್ನ ಬಾವಲಿ ಬಲ್ಲವರನ್ನು ಕೇಳತಕ್ಕದ್ದು, ಏಕೆಂದರೆ ಕೆಲವು ಜಾತಿಗಳು ಅಂತಹ ಸರಳುಗಳನ್ನೂ ಒಪ್ಪುವುದಿಲ್ಲ.

ವಿದ್ಯಾರ್ಥಿಗಳು ಗವಿಯೊಳಗೆ ಕಾಲಿಡದೆಯೇ ಅಧ್ಯಯನ ಮಾಡಬಹುದು. ಸೂರ್ಯ ಮುಳುಗುವುದಕ್ಕೆ ಅರ್ಧ ಗಂಟೆ ಮುಂಚೆ ಗವಿಯ ಬಾಯಿಗೆ ಎದುರಾಗದಂತೆ ಬದಿಯಲ್ಲಿ, ದೀಪವಿಲ್ಲದೆ, ಮಾತಿಲ್ಲದೆ ಕುಳಿತು ಹೊರಬೀಳುವ ಬಾವಲಿಗಳನ್ನು ಎಣಿಸಬೇಕು. ಇಬ್ಬರು ಬೇರೆಬೇರೆಯಾಗಿ ಎಣಿಸಿ ಸಂಖ್ಯೆಗಳನ್ನು ಹೋಲಿಸಬೇಕು. ಮೊದಲನೆಯ ಬಾವಲಿ ಹೊರಬಂದ ಗಳಿಗೆ, ಮಳೆ, ಗಾಳಿ, ಚಂದ್ರನ ಸ್ಥಿತಿ ಎಲ್ಲವನ್ನೂ ಬರೆದಿಡಬೇಕು. ತಿಂಗಳಿಗೊಂದು ಸಂಜೆ ಸಾಕು. ಬಾವಿಯ ಕೆಲಸ ಮನೆಯವರದು. ಕೇರಳದಲ್ಲಿ ಆರು ವರ್ಷಗಳ ಕಾಲ ಸಾಮಾನ್ಯ ಜನರು ತಮ್ಮ ಬಾವಿ, ಟ್ಯಾಂಕು, ನಲ್ಲಿಗಳಲ್ಲಿ ಕಂಡ ಕುರುಡು ಮೀನುಗಳ ಮಾಹಿತಿಯನ್ನು ಸಂಶೋಧಕರಿಗೆ ಒದಗಿಸಿದರು. ಅದರಿಂದ 2023ರಲ್ಲಿ ಒಂದು ಹೊಸ ಜಾತಿಯೇ ಗುರುತಾಯಿತು. ಆ ಜನರ ಗೌರವಾರ್ಥ ಅದಕ್ಕೆ ಹೊರಾಗ್ಲಾನಿಸ್ ಪಾಪ್ಯುಲೈ ಎಂದು ಹೆಸರಿಡಲಾಯಿತು. ಬಾವಿ ತೋಡುವಾಗ, ಕೆಸರು ತೆಗೆಯುವಾಗ, ಪಂಪಿನ ಬಾಯಿಯಲ್ಲಿ ಬಿಳಿಚಿದ ಅಥವಾ ಕೆಂಪಾದ, ಕಣ್ಣು ಕಾಣದ ಯಾವುದೇ ಜೀವಿ ಸಿಕ್ಕರೆ ಬ್ಲೀಚಿಂಗ್ ಪುಡಿ ಸುರಿಯುವ ಮೊದಲು ಅದನ್ನು ಬಾವಿಯದೇ ನೀರು ತುಂಬಿದ ಪಾತ್ರೆಯಲ್ಲಿ ನೆರಳಿನಲ್ಲಿಟ್ಟು, ಒಂದು ಛಾಯಾಚಿತ್ರ ತೆಗೆದು, ದಿನಾಂಕ ಮತ್ತು ಬಾವಿಯ ಆಳವನ್ನು ಬರೆದುಕೊಂಡು, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಿಳಿಸಬೇಕು.